ಯಾರ ಹೆಸರು ಬರೆಯಲಿ?

ನೀಲಗಿರಿ ಜಿಲ್ಲೆಯ ಚೇರಂಬಾಡಿಯ ಟೀ ತೋಟಗಳಲ್ಲಿ ಬೆಳೆದ ಮಕ್ಕಳು ಈಗ ಮೈಸೂರು, ಬೆಂಗಳೂರು, ಕೊಯಮತ್ತೂರಿನ ಕಂಪನಿಗಳಿಗೆ ಅರ್ಜಿ ಹಾಕುತ್ತಾರೆ. ಓದು, ಅಂಕ, ಅನುಭವ ಎಲ್ಲ ತುಂಬಿ ಮುಗಿಸಿ ಕೊನೆಯ ಕಾಲಮ್ಮಿಗೆ ಬಂದಾಗ ಪೆನ್ನು ನಿಲ್ಲುತ್ತದೆ: ನಿಮ್ಮನ್ನು ಬಲ್ಲ ಇಬ್ಬರ ಹೆಸರು, ಫೋನ್ ನಂಬರ್, ಸಂಬಂಧಿಕರು ಬೇಡ. ಕೌನ್ಸಿಲರ್ ಹೆಸರು ಹಾಕು ಅಂತ ಅಪ್ಪ, ಮ್ಯಾನೇಜರ್ ಹೆಸರಿಗೇ ತೂಕ ಅಂತ ಮಾವ. ನನಗೆ ಆ ಖಾಲಿ ಗೆರೆಗಳನ್ನು ಕಂಡರೇ ಸಂತೋಷ. ತನ್ನ ಪರವಾಗಿ ಯಾರು ಮಾತಾಡಬೇಕೆಂದು ತಾನೇ ಆರಿಸಿಕೊಳ್ಳುವ ಹಕ್ಕು ತೋಟದ ಜನಕ್ಕೆ ಬಹಳ ಕಾಲ ಇರಲೇ ಇಲ್ಲ.

ಇಲ್ಲಿನ ಎಷ್ಟೋ ಮನೆಯವರು ಸಿಲೋನಿನಿಂದ, ಅಂದರೆ ಇಂದಿನ ಶ್ರೀಲಂಕಾದಿಂದ, ಬಂದವರು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಂತೆ ಅಲ್ಲಿದ್ದ ಭಾರತ ಮೂಲದ 5,25,000 ಮಂದಿಯನ್ನು ಕರೆಸಿಕೊಳ್ಳಲು ಭಾರತ ಒಪ್ಪಿತು. ಹಾಗೆ ಬಂದವರಿಗೆ ಕೆಲಸ ಕೊಡಲೆಂದು 1968ರಲ್ಲಿ ನೀಲಗಿರಿಯಲ್ಲಿ ಸರ್ಕಾರಿ ಟೀ ತೋಟಗಳು ಶುರುವಾದವು. 1976ರಲ್ಲಿ ಅವು ತಮಿಳುನಾಡು ಸರ್ಕಾರದ ಟ್ಯಾನ್‌ಟೀ ನಿಗಮದ ಕೈಸೇರಿದವು. ಇವರ ಮುತ್ತಜ್ಜಂದಿರ ಕಾಲದಲ್ಲಿ ಸಿಲೋನಿನ ತೋಟಗಳಲ್ಲಿ ‘ತುಂಡು’ ಎಂಬ ಚೀಟಿ ನಡೆಯುತ್ತಿತ್ತು. ಕೂಲಿಗಳನ್ನು ಕರೆತಂದು ದುಡಿಸುವ ಮೇಸ್ತ್ರಿಯಾದ ಕಂಗಾಣಿಯೂ ಅವನ ಗುಂಪಿನ ಕೂಲಿಗಳೂ ಇಷ್ಟು ಸಾಲ ತೀರಿಸಿದರೆ ಬಿಟ್ಟುಕೊಡುತ್ತೇವೆ ಎಂದು ತೋಟದ ದೊರೆ ಬರೆದುಕೊಡುತ್ತಿದ್ದ. ಅದಿಲ್ಲದೆ ಮತ್ತೊಂದು ತೋಟದಲ್ಲಿ ಕೆಲಸ ಸಿಗುವುದು ದುರ್ಲಭ. ಆ ಗುಂಪಿನ ಹೆಂಗಸು ಎರಡೆಲೆ ಒಂದು ಮೊಗ್ಗನ್ನು ಎಷ್ಟು ಚೊಕ್ಕವಾಗಿ ಕೀಳುತ್ತಾಳೆ ಎಂಬುದು ಆ ಚೀಟಿಗೆ ಬೇಕಿರಲಿಲ್ಲ. ಸಾಲವೇ ಅವಳ ಗುರುತು. 1921ರಲ್ಲಿ ಅಲ್ಲಿನ ಕಾನೂನು ಆ ಪದ್ಧತಿಯನ್ನು ರದ್ದು ಮಾಡಿತು.

ಹೀಗಾಗಿ, ಕೈಗೆ ಬಂದ ಈ ಹಕ್ಕನ್ನು ದೊಡ್ಡವರ ಹೆಸರಿಗೆ ಒಪ್ಪಿಸಿಬಿಟ್ಟರೆ ನನಗೆ ಸಂಕಟವಾಗುತ್ತದೆ. ಮ್ಯಾನೇಜರು ಒಳ್ಳೆಯವರೇ ಇರಬಹುದು, ಆದರೆ ನಿಮ್ಮ ಕೆಲಸವನ್ನು ಕಣ್ಣಾರೆ ಕಂಡಿಲ್ಲವಲ್ಲ. ಫೋನಿನಲ್ಲಿ ಅವರು ‘ಒಳ್ಳೆ ಹುಡುಗಿ’ ಅನ್ನಬಲ್ಲರು, ಅಷ್ಟೇ. ಕೇಳುವವರು ಮುಂದಿನ ಪ್ರಶ್ನೆಗೆ ಹೋದರೆ ತಡವರಿಸುತ್ತಾರೆ.

ನಮ್ಮ ಲೈನ್‌ಮನೆಗಳ ಹುಡುಗಿಯೊಬ್ಬಳು ಮೈಸೂರಿನ ಗೋದಾಮೊಂದರ ಲೆಕ್ಕದ ಕೆಲಸಕ್ಕೆ ಅರ್ಜಿ ಹಾಕುವಾಗ ನನ್ನನ್ನು ಕೇಳಿದಳು. ಕಾಲೇಜು ರಜೆಯಲ್ಲಿ ಅವಳು ಸೊಪ್ಪು ತೂಗುವ ಶೆಡ್ಡಿನಲ್ಲಿ ರಿಜಿಸ್ಟರ್ ಬರೆಯುತ್ತಿದ್ದಳು. ಮಳೆಗಾಲ. ತಲೆಗೆ ಪ್ಲಾಸ್ಟಿಕ್ ಹೊದ್ದ ಹೆಂಗಸರ ಸಾಲು, ತೊಯ್ದ ಸೊಪ್ಪು, ನೀರಿನ ತೂಕವೆಂದು ಕಳೆಯುವ ಕಿಲೋ. ಓದಲು ಬಾರದವರಿಗೂ ತಿಳಿಯಲೆಂದು ಅವಳು ಒಟ್ಟು ತೂಕ, ಕಳೆದದ್ದು, ಉಳಿದದ್ದು ಮೂರನ್ನೂ ಗಟ್ಟಿಯಾಗಿ ಓದಿ ಹೇಳಿಯೇ ಬರೆಯುತ್ತಿದ್ದಳು. ಪಕ್ಕದಲ್ಲಿ ನಿಂತು ಅದನ್ನು ದಿನವೂ ನೋಡಿದವರು ಸೂಪರ್‌ವೈಸರ್. ಅವರ ಹೆಸರೇ ಮೊದಲು ಇರಲಿ ಅಂದೆ. ಎರಡನೆಯದು ಅವಳ ಅಕೌಂಟೆನ್ಸಿ ಮೇಷ್ಟ್ರದ್ದು.

ಹೆಸರು ಬರೆದರೆ ಮುಗಿಯಲಿಲ್ಲ. ಮುಂಚೆ ಹೋಗಿ ಕೇಳಬೇಕು. ಯಾವ ಕೆಲಸ, ಯಾವ ಕಂಪನಿ ಎಂದು ತಿಳಿಸಬೇಕು. ಸಂತೋಷವಾಗಿ ಒಪ್ಪಿದರೆ ಸರಿ, ‘ನೋಡೋಣ’ ಅಂದರೆ ಆ ಹೆಸರು ಬಿಡುವುದೇ ಒಳ್ಳೆಯದು. ನಮ್ಮ ಗುಡ್ಡಗಳಲ್ಲಿ ಇನ್ನೂ ಒಂದು ಕಷ್ಟವಿದೆ: ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಬಂದರೆ ಸೂಪರ್‌ವೈಸರ್ ಸಿಗ್ನಲ್ ಇಲ್ಲದ ಇಳಿಜಾರಿನಲ್ಲಿರುತ್ತಾರೆ. ಭಾಷೆಯ ತೊಡಕು ಬೇರೆ. ಅವರಿಗೆ ತಮಿಳು, ಮಲಯಾಳ ನೀರು ಕುಡಿದಷ್ಟು ಸಲೀಸು, ಕನ್ನಡ ಮಾತಾಡುತ್ತಾರೆ, ಇಂಗ್ಲಿಷಿಗೆ ಹೆದರುತ್ತಾರೆ. ಹೆಸರಿನ ಕೆಳಗೆ ‘ಸಂಜೆ ಐದರ ಮೇಲೆ, ಕನ್ನಡ ಅಥವಾ ತಮಿಳಿನಲ್ಲಿ ಮಾತಾಡಬಹುದು’ ಎಂದು ಬರೆಸಿದೆ. ಹೀಗೆ ಬರೆದರೆ ಕೀಳಾಗಿ ಕಾಣುವುದಿಲ್ಲವೇ ಎಂದು ಅವಳ ಅಣ್ಣ ಅನುಮಾನಪಟ್ಟ. ಇಲ್ಲ, ಮಾತಾಡುವವರಿಗೆ ತಮ್ಮ ಭಾಷೆಯಲ್ಲಿ ಪೂರ್ತಿ ಮಾತಾಡಲು ಬಿಡಬೇಕು ಅಂದೆ.

ಮೈಸೂರಿನವರು ಸಂಜೆಯೇ ಫೋನ್ ಮಾಡಿದರು. ಅವಳು ತೂಕ ಓದಿ ಹೇಳುತ್ತಿದ್ದ ಸಂಗತಿಯನ್ನೇ ಸೂಪರ್‌ವೈಸರ್ ವಿವರಿಸಿದರಂತೆ. ಸಮಯಕ್ಕೆ ಸರಿಯಾಗಿ ಬರುತ್ತಿದ್ದಳೇ ಎಂದು ಕೇಳಿದ್ದಕ್ಕೆ, ಬರುತ್ತಿದ್ದಳು, ಒಂದು ದಿನ ಮಾತ್ರ ತಡ, ದಾರಿಯಲ್ಲಿ ಆನೆ ನಿಂತಿತ್ತು ಎಂದು ಅದನ್ನೂ ಹೇಳಿದರು.