ಗಂಟು, ಚೌರಿ, ಚೀಟಿ ಇತ್ಯಾದಿ

ಇನ್ನೊಬ್ಬರ ಮನೆಯ ವರಮಾನ ಎಷ್ಟೆಂದು ತಿಳಿಯುವ ಆಸೆ ನಮಗೆ ಹುಟ್ಟಿನಿಂದಲೇ ಬರುತ್ತದೋ, ಜಗಲಿಯ ಮೇಲೆ ಕೂತು ಕೂತು ಬರುತ್ತದೋ, ಹೇಳುವುದು ಕಷ್ಟ. ಬೆಂಗಳೂರಲ್ಲಿ ರೈಲು ಹತ್ತಿ ಎದುರು ಕೂತವನು ಅರಸೀಕೆರೆ ಬರುವುದರೊಳಗೆ ನಿಮ್ಮ ಊರು, ಮಕ್ಕಳು, ಸ್ವಂತ ಮನೆಯೋ ಬಾಡಿಗೆಯೋ, ಎಲ್ಲವನ್ನೂ ಕೇಳಿ ಮುಗಿಸಿರುತ್ತಾನೆ. ನೀವೂ ಕೇಳಿರುತ್ತೀರಿ, ಸುಳ್ಳು ಹೇಳಬೇಡಿ. ಇಂಥ ಒಳ್ಳೆಯ ಅಭ್ಯಾಸಕ್ಕೆ ಅಮೆರಿಕದಲ್ಲಿ ಮರ್ಯಾದೆಯಿಲ್ಲ. ನ್ಯೂಜೆರ್ಸಿಯಲ್ಲಿ ಮಗಳ ಮನೆಯ ಹತ್ತಿರ ಒಂದು ಡ್ರೈಕ್ಲೀನಿಂಗ್ ಅಂಗಡಿ, ಅದರ ಯಜಮಾನರು ಕೊರಿಯಾದವರು. ತಿಂಗಳಿಗೆ ಎಷ್ಟು ಉಳಿಯುತ್ತದೆ ಎಂದು ಅವರನ್ನು ಕೇಳಲು ನಾನು ಬಾಯಿ ತೆರೆದೆನೋ ಇಲ್ಲವೋ, ಮಗಳು ತೋಳು ಹಿಡಿದು ಎಳೆದಳು. "ಅಪ್ಪಾ, ಇಲ್ಲಿ ಹಾಗೆಲ್ಲ ಕೇಳಬಾರದು." ಕೇಳಬಾರದಂತೆ! ಅದೇ ದೇಶದ ಜನಗಣತಿ ಇಲಾಖೆ ವರ್ಷ ವರ್ಷವೂ ಆಯ್ದ ಮನೆಗಳಿಗೆ ಕಾಗದ ಕಳಿಸಿ ಇದನ್ನೇ ಕೇಳುತ್ತದೆ. ಯಾವ ಮೂಲದವರಿಗೆ ಎಷ್ಟು ಆದಾಯ ಎಂದು ಕೋಷ್ಟಕ ಮಾಡಿ ಹೊರಡಿಸುತ್ತದೆ. ಇಲಾಖೆ ಕೇಳಿದರೆ ಸಮೀಕ್ಷೆ, ನಾನು ಕೇಳಿದರೆ ಅಧಿಕಪ್ರಸಂಗ.

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ಅಪ್ಪ ಅಮ್ಮಂದಿರಿಗೆ ಅಲ್ಲಿ ಕೆಲಸವಾದರೂ ಏನು ಹೇಳಿ? ಬೆಳಿಗ್ಗೆ ವಾಕಿಂಗು, ಮಧ್ಯಾಹ್ನ ಕಿಟಕಿ, ಶನಿವಾರ ಭಾನುವಾರ ಕಾರಿನ ಹಿಂದಿನ ಸೀಟು. ಹಿಂದಿನ ಸೀಟಿನಲ್ಲಿ ಕೂತವನು ಬೋರ್ಡು ಓದಬೇಕು, ಬೇರೆ ದಾರಿಯಿಲ್ಲ. ಎಡಿಸನ್ನಿನ ಓಕ್ ಟ್ರೀ ರಸ್ತೆಯಲ್ಲಿ ಓದುವುದಕ್ಕೆ ಹೊಸದೇನೂ ಇಲ್ಲ, ಸೀರೆ, ಚಿನ್ನ, ಪಾನಿಪುರಿ. ಆದರೆ ಉತ್ತರಕ್ಕೆ ಹೋಗಿ ಪಾಲಿಸೇಡ್ಸ್ ಪಾರ್ಕ್ ಎಂಬ ಪುಟ್ಟ ಊರಿನ ಬ್ರಾಡ್ ಅವೆನ್ಯೂಗೆ ತಿರುಗಿದಿರೋ, ಸಾಲು ಸಾಲಾಗಿ ಕೊರಿಯನ್ ಲಿಪಿ: ಬೇಕರಿ, ದಂತವೈದ್ಯ, ಮಕ್ಕಳ ಟ್ಯೂಷನ್ನು. ಅಲ್ಲಿಂದ ರೂಟ್ 46 ಹಿಡಿದು ಪಶ್ಚಿಮಕ್ಕೆ ಅರ್ಧ ಗಂಟೆ ಹೋದರೆ ಪ್ಯಾಟರ್ಸನ್. ಅಲ್ಲಿಯ ಮೇನ್ ಸ್ಟ್ರೀಟಿನ ದಕ್ಷಿಣದ ತುದಿಯಲ್ಲಿ ಅರಬ್ಬಿ ಬೋರ್ಡುಗಳು. ಅದರ ಒಂದು ಭಾಗಕ್ಕೆ 2022ರಿಂದ ಪ್ಯಾಲೆಸ್ಟೈನ್ ವೇ ಎಂದೇ ಹೆಸರು. ಎರಡೂ ಊರು 2018ರಲ್ಲಿ ತಮ್ಮವರನ್ನೇ ಮೇಯರ್ ಮಾಡಿಕೊಂಡವು. ಪಾಲಿಸೇಡ್ಸ್ ಪಾರ್ಕಿನಲ್ಲಿ ಕ್ರಿಸ್ಟೊಫರ್ ಚುಂಗ್, ಪ್ಯಾಟರ್ಸನ್ನಿನಲ್ಲಿ ಆಂಡ್ರೆ ಸಾಯೆಗ್. ಒಂದೇ ರಸ್ತೆಯ ಆ ತುದಿ ಈ ತುದಿಯಲ್ಲಿ ಹೀಗೆ ಎರಡು ಊರು ಇದ್ದ ಮೇಲೆ, ಇವರಲ್ಲಿ ಮುಂದೆ ಬಂದವರು ಯಾರು ಎಂಬ ಪ್ರಶ್ನೆ ಏಳದೆ ಇರುತ್ತದೆಯೇ?

ಅಳಿಯಂದಿರು ಸ್ಟಿಯರಿಂಗ್ ತಿರುಗಿಸುತ್ತ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. "ಕೊರಿಯಾದವರು ಕಷ್ಟಪಟ್ಟು ದುಡೀತಾರೆ ಮಾವ, ಮಕ್ಕಳನ್ನ ಓದಿಸ್ತಾರೆ." ಹಾಗಾದರೆ ಅರಬರು ಮಲಗಿರುತ್ತಾರೆಯೇ? ನ್ಯೂಯಾರ್ಕಿನಲ್ಲಿ ನಡುರಾತ್ರಿ ಹಾಲಿನ ಡಬ್ಬಿ ಬೇಕೆಂದರೆ ಬಾಗಿಲು ತೆರೆದಿರುವ ಮೂಲೆ ಅಂಗಡಿ ಎಷ್ಟೋ ಕಡೆ ಯೆಮನ್ ದೇಶದವರದು. ಬೊಡೇಗಾ ಎಂದು ಅದರ ಹೆಸರು. ಹಿಂದೆ ಪೋರ್ಟೊರಿಕೊದವರು, ಡೊಮಿನಿಕನ್ನರು ನಡೆಸುತ್ತಿದ್ದುದು. ದುಡಿಮೆಯ ಗಂಟೆಗಳನ್ನೇ ಎಣಿಸುವುದಾದರೆ ಅಲ್ಲಿ ಗೆಲ್ಲುವವರಾರು, ಸೋಲುವವರಾರು ಎಂದು ಹೇಳಲು ಯಾವ ಪಂಚಾಯಿತಿಗೂ ಆಗದು.

ಇರಲಿ, ಗಂಟಿನ ಕಥೆಯಿಂದ ಶುರು ಮಾಡೋಣ. 1880ರ ದಶಕದ ಹೊತ್ತಿಗೆ ಇಂದಿನ ಲೆಬನಾನ್, ಸಿರಿಯಾಗಳ ಕಡೆಯಿಂದ ಬಂದವರು ಮ್ಯಾನ್‌ಹಟನ್ನಿನ ವಾಷಿಂಗ್ಟನ್ ಸ್ಟ್ರೀಟಿನಲ್ಲಿ ಇಳಿದರು. ಹೆಚ್ಚಿನವರು ಕ್ರೈಸ್ತರು. ಅರಬರೆಂದರೆ ಮುಸ್ಲಿಮರು ಮಾತ್ರ ಎಂದುಕೊಂಡಿದ್ದರೆ ಇಲ್ಲೇ ಬಿಟ್ಟುಬಿಡಿ. ನ್ಯೂಜೆರ್ಸಿಯಲ್ಲಂತೂ ಈಜಿಪ್ಟಿನ ಕಾಪ್ಟಿಕ್ ಚರ್ಚುಗಳೇ ಎಷ್ಟೋ ಇವೆ. ವಾಷಿಂಗ್ಟನ್ ಸ್ಟ್ರೀಟಿನ ಸಗಟು ವ್ಯಾಪಾರಿಗಳು ಸೂಜಿ, ದಾರ, ಲೇಸು, ಜಪಸರ, ಪವಿತ್ರ ಭೂಮಿಯದೆಂದು ಹೇಳುವ ಸಣ್ಣ ಪುಟ್ಟ ಸಾಮಾನುಗಳನ್ನೆಲ್ಲ ಉದ್ದರಿ ಕೊಡುತ್ತಿದ್ದರು. ಹೊಸದಾಗಿ ಬಂದವರು ಗಂಟು ಹೊತ್ತು ಅಯೋವಾ, ಡಕೋಟಾಗಳ ಹೊಲದ ಮನೆಗಳವರೆಗೆ ನಡೆದರು. ಹೆಂಗಸರೂ ಹೊತ್ತರು. ಕೈಯಲ್ಲಿ ನಾಲ್ಕು ಕಾಸು ಕೂಡಿದ ಮೇಲೆ ಯಾವುದೋ ಸಣ್ಣ ಊರಲ್ಲಿ ಗಂಟು ಇಳಿಸಿ ಅಂಗಡಿ ತೆರೆದರು. ಅಯೋವಾದ ಸೀಡರ್ ರ‍್ಯಾಪಿಡ್ಸಿನಲ್ಲಿ ಅವರಲ್ಲಿದ್ದ ಮುಸ್ಲಿಮರು 1934ರಷ್ಟು ಹಿಂದೆಯೇ ಮಸೀದಿ ಕಟ್ಟಿದ್ದಾರೆಂದರೆ ಸುಮ್ಮನೆಯೇ? ಜೋಳದ ಹೊಲದ ನಾಡಿನಲ್ಲಿ!

ಈಗ ಚೌರಿಗೆ ಬರೋಣ. 1960ರ ದಶಕದಲ್ಲಿ ಕಮ್ಯುನಿಸ್ಟ್ ಚೀನಾದ ಕೂದಲಿನಿಂದ ಮಾಡಿದ ವಿಗ್ಗು ತಮ್ಮ ದೇಶಕ್ಕೆ ಬರಕೂಡದೆಂದು ಅಮೆರಿಕ ಸರ್ಕಾರ ಅಪ್ಪಣೆ ಮಾಡಿತು. ಕೂದಲಿಗೂ ರಾಜಕೀಯವಿರುತ್ತದೆ, ನೋಡಿ. ಆ ಜಾಗಕ್ಕೆ ದಕ್ಷಿಣ ಕೊರಿಯಾ ನುಗ್ಗಿತು. ಕೆಲವೇ ವರ್ಷಗಳಲ್ಲಿ ವಿಗ್ಗು ಆ ಬಡ ದೇಶದ ದೊಡ್ಡ ರಫ್ತುಗಳಲ್ಲಿ ಒಂದಾಯಿತು. ಏಷ್ಯಾದವರಿಗೆ ಬಾಗಿಲು ತೆರೆದ 1965ರ ವಲಸೆ ಕಾನೂನಿನ ನಂತರ ಅಮೆರಿಕಕ್ಕೆ ಬಂದಿಳಿದ ಕೊರಿಯನ್ನರು ಊರಿನ ಕಾರ್ಖಾನೆಯ ವಿಗ್ಗುಗಳನ್ನೇ ತರಿಸಿ ಕರಿಯರ ಕೇರಿಗಳಲ್ಲಿ ಬಾಗಿಲಿಂದ ಬಾಗಿಲಿಗೆ ಮಾರಿದರು, ಆಮೇಲೆ ಅಂಗಡಿ ಇಟ್ಟರು. ಇಂದಿಗೂ ಆಫ್ರಿಕನ್ ಅಮೆರಿಕನ್ ಹೆಂಗಸರ ಕೂದಲಿನ ಸಾಮಾನು ಮಾರುವ ಅಂಗಡಿಗಳಲ್ಲಿ ಬಹಳಷ್ಟು ಕೊರಿಯನ್ನರ ಕೈಯಲ್ಲೇ ಇವೆ. ಅಲ್ಲಿ ತುಂಬ ಬೆಲೆಬಾಳುವ ಮಾಲು ಯಾವುದು ಬಲ್ಲಿರಾ? ಇಂಡಿಯನ್ ಹೇರ್. ಅದರಲ್ಲಿ ದೊಡ್ಡ ಪಾಲು ನಮ್ಮ ತಿಮ್ಮಪ್ಪನ ಸನ್ನಿಧಿಯದು. ತಿರುಮಲದಲ್ಲಿ ಕೊಟ್ಟ ಮುಡಿಯನ್ನು ದೇವಸ್ಥಾನದವರು ಹರಾಜು ಹಾಕುತ್ತಾರೆ, ಅದು ಕಡಲು ದಾಟುತ್ತದೆ. ಮೊಮ್ಮಗನ ಪರೀಕ್ಷೆ ಪಾಸಾಗಲೆಂದು ಹಾಸನದ ಅಜ್ಜಿಯೊಬ್ಬರು ಕೊಟ್ಟ ಕೂದಲು ಷಿಕಾಗೋದ ಕೊರಿಯನ್ ಅಂಗಡಿಯ ಗಾಜಿನ ಹಿಂದೆ ನೇತಾಡುತ್ತಿದ್ದರೆ ಏನಾಶ್ಚರ್ಯ? ಅಜ್ಜಿಗೆ ತಿಳಿದರೆ ಏನೆನ್ನುತ್ತಾರೋ.

ಗಂಟಿಗೂ ಚೌರಿಗೂ ನಡುವೆ ಎಪ್ಪತ್ತು ಎಂಬತ್ತು ವರ್ಷದ ಅಂತರ, ದಾರಿ ಮಾತ್ರ ಒಂದೇ. ಹೊತ್ತು ಮಾರುವುದು, ಉಳಿಸುವುದು, ಅಂಗಡಿ ಇಡುವುದು. ಆದರೆ ಬಂಡವಾಳ ಎಲ್ಲಿಂದ ಬಂತು? ಇಂಗ್ಲಿಷ್ ಬಾರದವನಿಗೆ ಬ್ಯಾಂಕಿನವರು ಸಾಲ ಕೊಡುತ್ತಾರೆಯೇ? ಇಲ್ಲಿ ನಮ್ಮ ವಠಾರದ ಹೆಂಗಸರು ಕಿವಿ ನೆಟ್ಟಗೆ ಮಾಡಿ ಕೇಳಬೇಕು. ಕೊರಿಯನ್ನರ ಹತ್ತಿರ ಕ್ಯೆ ಎಂಬ ವ್ಯವಸ್ಥೆಯಿದೆ. ಪರಿಚಯದವರು ಗುಂಪುಗೂಡಿ ತಿಂಗಳಿಗಿಷ್ಟು ಎಂದು ಹಾಕುತ್ತಾರೆ, ಸರದಿ ಬಂದವರು ಇಡೀ ಮೊತ್ತ ಎತ್ತುತ್ತಾರೆ. ಅರಬರ ಜಮಇಯ್ಯಾ ಕೂಡ ಅಕ್ಷರಶಃ ಅದೇ. ಬಡ್ಡಿಯ ಸೋಂಕಿಲ್ಲದ್ದರಿಂದ ಧರ್ಮಕ್ಕೂ ಅಡ್ಡಿಯಿಲ್ಲ. ಚೀಟಿ ಎನ್ನದೆ ಇದನ್ನು ಇನ್ನೇನೆನ್ನುವುದು? ನಮ್ಮಲ್ಲಿ ಕೂಗಿ ಹರಾಜು ಮಾಡಿ ಎತ್ತುವುದೂ ಉಂಟು, ಅಷ್ಟೇ ವ್ಯತ್ಯಾಸ. ಐವನ್ ಲೈಟ್, ಎಡ್ನಾ ಬೊನಾಸಿಚ್ ಎಂಬ ಸಮಾಜಶಾಸ್ತ್ರಜ್ಞರು ಲಾಸ್ ಏಂಜಲಿಸ್ಸಿನ ಕೊರಿಯನ್ ವ್ಯಾಪಾರಿಗಳ ಬಗ್ಗೆ 1988ರಲ್ಲಿ ದಪ್ಪ ಪುಸ್ತಕವನ್ನೇ ಬರೆದಿದ್ದಾರೆ. ಮಲ್ಲೇಶ್ವರದ ಯಾವ ಗೃಹಿಣಿಯಾದರೂ ಚೀಟಿಯ ಅಧ್ಯಾಯವನ್ನು ನಿಂತ ನಿಲುವಿನಲ್ಲೇ ಬಾಯಲ್ಲಿ ಹೇಳಿಬಿಡುತ್ತಿದ್ದರು, ಎತ್ತಿಕೊಂಡು ರಾತ್ರೋರಾತ್ರಿ ಪರಾರಿಯಾದವರ ಉಪಾಧ್ಯಾಯವನ್ನೂ ಸೇರಿಸಿ.

ಎಲ್ಲಿದ್ದೆವು? ಹಾಂ, ಮುಂದೆ ಬಂದವರು ಯಾರು ಎಂಬಲ್ಲಿ. ಈ ಲೆಕ್ಕ ಹಾಕುವುದಕ್ಕೆ ಮೊದಲು ಯಾರು ಯಾವ ಬಾಗಿಲಿನಿಂದ ಒಳಗೆ ಬಂದರು ಎಂದು ನೋಡಬೇಕು. 1903ರ ಜನವರಿಯಲ್ಲಿ ಗೇಲಿಕ್ ಎಂಬ ಹಡಗಿನಲ್ಲಿ ನೂರು ಚಿಲ್ಲರೆ ಕೊರಿಯನ್ನರು ಹವಾಯಿಯ ಕಬ್ಬಿನ ತೋಟಗಳಿಗೆ ಬಂದಿಳಿದರು. ಅವರಿಗೆ ಪೌರತ್ವ ಸಿಗುವಂತಿರಲಿಲ್ಲ, ಬಿಳಿಯರಲ್ಲವಲ್ಲ. 1952ರ ತನಕ ಕಾಯಬೇಕಾಯಿತು. ಅರಬರಾದರೋ ಕೋರ್ಟಿಗೆ ಹೋದರು. ಜಾರ್ಜ್ ಡೌ ಎಂಬ ಸಿರಿಯಾದವರ ಮೊಕದ್ದಮೆಯಲ್ಲಿ 1915ರಲ್ಲಿ ತೀರ್ಪು ಬಂತು: ಸಿರಿಯನ್ನರು ಬಿಳಿಯರು! ಎಂಟು ವರ್ಷ ಬಿಟ್ಟು ನಮ್ಮ ಪಂಜಾಬಿನ ಭಗತ್ ಸಿಂಗ್ ಥಿಂಡ್ ಸುಪ್ರೀಂ ಕೋರ್ಟಿನವರೆಗೆ ಹೋಗಿ, ತಾನು ಆರ್ಯ ಎಂದು ವಾದಿಸಿ ಸೋತರು. ಹಾಗೆ ಬಿಳಿಯರಾದ ಅರಬರಿಗೆ ಅದರಿಂದ ಸಿಕ್ಕ ಸುಖವೇನು ಎಂದರೆ, ಜನಗಣತಿಯಲ್ಲಿ ಕೊರಿಯನ್ನರಿಗೆ ಬೇರೆ ಚೌಕವಿತ್ತು, ಇವರಿಗಿರಲಿಲ್ಲ. ಬಿಳಿಯರ ಚೌಕದಲ್ಲಿ ಗುರುತು ಹಾಕಿ, 2001ರ ಭಯೋತ್ಪಾದಕ ದಾಳಿಯ ನಂತರ ವಿಮಾನ ನಿಲ್ದಾಣದಲ್ಲಿ ತಪಾಸಣೆಗೆಂದು ಪಕ್ಕದ ಕೋಣೆಗೆ ನಡೆಯಬೇಕು. ಮಧ್ಯಪ್ರಾಚ್ಯ ಹಾಗೂ ಉತ್ತರ ಆಫ್ರಿಕಾದವರಿಗೆಂದು ಬೇರೆ ಚೌಕ ಕೊಡುವ ತೀರ್ಮಾನ ಆದದ್ದು 2024ರ ಮಾರ್ಚಿನಲ್ಲಿ.

ಇನ್ನು ಸರಾಸರಿ. ಕೊರಿಯನ್ನರಲ್ಲಿ 1965ರ ನಂತರ ಬಂದವರು ಹೆಚ್ಚಾಗಿ ಊರಲ್ಲೇ ಓದಿದ್ದ ಮಧ್ಯಮವರ್ಗದವರು. ಡಾಕ್ಟರು, ನರ್ಸುಗಳಿಗೆ ಕೆಲಸ ಸಿಕ್ಕಿತು. ಉಳಿದವರ ಪದವಿ ಅಲ್ಲಿ ನಡೆಯಲಿಲ್ಲ. ಸೋಲ್ ನಗರದಲ್ಲಿ ಬಿ.ಎ. ಮಾಡಿದವರು ನಸುಕಿಗೆ ಮುಂಚೆ ನ್ಯೂಯಾರ್ಕಿನ ಹಂಟ್ಸ್ ಪಾಯಿಂಟ್ ಸಗಟು ಮಾರುಕಟ್ಟೆಗೆ ಹೋಗಿ ಸೊಪ್ಪು ತಂದು ಮಾರಿದರು. ಮಗನಿಗೆ ಅಂಗಡಿ ಕೊಡುವ ಯೋಚನೆಯೇ ಅವರಿಗಿರಲಿಲ್ಲ, ಮಗ ಅಂಗಡಿಗೆ ಬರಕೂಡದೆಂದೇ ಅಂಗಡಿ. ಅರಬರ ಸರಾಸರಿ ತೆಗೆಯಲು ಹೋದರೆ ತಲೆ ಕೆಡುತ್ತದೆ. ನೂರು ವರ್ಷದ ಹಿಂದೆ ಬಂದ ಲೆಬನಾನಿನವರ ಮರಿಮಕ್ಕಳು ವಕೀಲರು. ಈಜಿಪ್ಟಿನಿಂದ ಬಂದವರಲ್ಲಿ ಪದವೀಧರರೇ ಜಾಸ್ತಿ. ಡಿಯರ್‌ಬಾರ್ನ್ ಎಂಬ ಊರಿನಲ್ಲಿ ಫೋರ್ಡ್ ಕಾರ್ಖಾನೆಗೆ ಸೇರಿದ ಅಜ್ಜಂದಿರ ವಂಶದವರು ಒಂದು ಕಡೆ, ಯುದ್ಧ ತಪ್ಪಿಸಿಕೊಂಡು ಮೊನ್ನೆ ಬಂದಿಳಿದ ಇರಾಕಿಗಳು, ಯೆಮನಿಗಳು ಇನ್ನೊಂದು ಕಡೆ. ಇವರನ್ನೆಲ್ಲ ಒಂದೇ ಪಾತ್ರೆಗೆ ಹಾಕಿ ಕಲಸಿ, ಬಂದ ಅಂಕಿಯನ್ನು ಕೊರಿಯನ್ನರ ಪಕ್ಕ ಇಟ್ಟು, ನೋಡಿ ಇವರ ಸಂಸ್ಕೃತಿ ಹೀಗೆ ಅವರ ಸಂಸ್ಕೃತಿ ಹಾಗೆ ಎನ್ನುವ ಪಂಡಿತರಿದ್ದಾರೆ. ಅತ್ತ ಕೊರಿಯನ್ನರಲ್ಲೂ ಮಕ್ಕಳು ಮ್ಯಾನ್‌ಹಟನ್ನಿನಲ್ಲಿ ಲಕ್ಷಗಟ್ಟಲೆ ಡಾಲರ್ ಗಳಿಸುತ್ತಿದ್ದರೆ, ನ್ಯೂಯಾರ್ಕಿನ ಫ್ಲಶಿಂಗಿನ ಸರ್ಕಾರಿ ವೃದ್ಧರ ಫ್ಲಾಟಿಗೆ ಅರ್ಜಿ ಹಾಕಿ ಕಾಯುವ ಮುದುಕರೂ ಇದ್ದಾರೆ. ಸರಾಸರಿಯಲ್ಲಿ ಅವರು ಕಾಣುವುದಿಲ್ಲ.

ಅಂಗಡಿ ಇದ್ದ ಮಾತ್ರಕ್ಕೆ ನೆಮ್ಮದಿಯೂ ಇರಬೇಕೆಂದಿಲ್ಲ. 1992ರ ಏಪ್ರಿಲ್ 29ರಂದು, ಕರಿಯ ಜನಾಂಗದ ರಾಡ್ನಿ ಕಿಂಗ್‌ರನ್ನು ಹೊಡೆದ ಪೊಲೀಸರು ಖುಲಾಸೆಯಾದಾಗ ಲಾಸ್ ಏಂಜಲಿಸ್ ಹೊತ್ತಿಕೊಂಡಿತು. ಸುಟ್ಟುಹೋದ, ಲೂಟಿಯಾದ ಕೊರಿಯನ್ ಅಂಗಡಿಗಳು ಎರಡು ಸಾವಿರಕ್ಕೂ ಹೆಚ್ಚು. ಕರೆದರೂ ಪೊಲೀಸರು ಬರಲಿಲ್ಲ, ಅಂಗಡಿಕಾರರು ಬಂದೂಕು ಹಿಡಿದು ಮಾಳಿಗೆ ಹತ್ತಿದರು. ಕೊರಿಯನ್ನರು ಆ ದಿನವನ್ನು ಬರಿಯ ತಾರೀಖಿನಿಂದಲೇ ಕರೆಯುತ್ತಾರೆ, ಸಾ-ಇ-ಗು, ನಾಲ್ಕು ಎರಡು ಒಂಬತ್ತು. ಯೆಮನಿಗಳ ಸರದಿ 2017ರಲ್ಲಿ ಬಂತು. ಯೆಮನ್ ಮುಂತಾದ ದೇಶಗಳವರಿಗೆ ಟ್ರಂಪ್ ಪ್ರವೇಶ ನಿಷೇಧ ಹಾಕಿದ ವಾರದಲ್ಲೇ, ಫೆಬ್ರವರಿ 2ರಂದು, ನ್ಯೂಯಾರ್ಕಿನ ಸಾವಿರಕ್ಕೂ ಹೆಚ್ಚು ಬೊಡೇಗಾಗಳು ಬಾಗಿಲೆಳೆದವು. ಯಾವ ಹಬ್ಬಕ್ಕೂ ಮುಚ್ಚದ ಅಂಗಡಿ! ಹೆಂಡತಿ ಮಕ್ಕಳ ವೀಸಾಕ್ಕಾಗಿ ವರ್ಷಗಟ್ಟಲೆ ಕಾದು ಕೂತಿದ್ದವರು ಬ್ರೂಕ್ಲಿನ್ನಿನ ಬರೋ ಹಾಲ್ ಎದುರಿಗೆ ಸೇರಿ ನಮಾಜು ಮಾಡಿದರು.

ಈ ಇಬ್ಬರೂ ಅಮೆರಿಕದಲ್ಲೇ ಮೊದಲು ಮುಖ ನೋಡಿದರೆಂದು ತಿಳಿಯಬೇಡಿ. 1970ರ ದಶಕದಲ್ಲಿ ಕೊರಿಯನ್ನರೇ ಅರಬರ ನಾಡಿಗೆ ಕೂಲಿಗೆ ಹೋಗಿದ್ದರು. ಸೌದಿಯ ಜುಬೈಲ್ ಬಂದರು ಕಟ್ಟುವ ಗುತ್ತಿಗೆ 1976ರಲ್ಲಿ ಹ್ಯುಂಡೈಗೆ ಸಿಕ್ಕಿತು. ಕೊಲ್ಲಿಯ ಬಿಸಿಲಲ್ಲಿ ಕೊರಿಯಾದ ಕಾರ್ಮಿಕರು ಕಾಂಕ್ರೀಟು ಹಾಕಿದರು. ನಮ್ಮ ಭಟ್ಕಳ, ಉಡುಪಿ, ಮಂಗಳೂರಿನವರು ಮುಂಬಯಿಯಿಂದ ಹೊರಟು ಅಲ್ಲಿಗೆ ತಲಪಿದ್ದೂ ಅದೇ ದಶಕದಲ್ಲಿ. ಅದೇ 1976ರಲ್ಲಿ ಸೋಲ್ ನಗರದ ಇಟೆವಾನ್ ಗುಡ್ಡದ ಮೇಲೆ ಮಸೀದಿಯೂ ಎದ್ದಿತು. ಜಾಗ ಕೊರಿಯಾ ಸರ್ಕಾರದ್ದು, ಹಣ ಅರಬ್ ದೇಶಗಳದು. ಎಣ್ಣೆಯ ಸ್ನೇಹ ಎಂದರೆ ಹಾಗೆ. ಆದರೆ 2018ರಲ್ಲಿ ಯುದ್ಧ ತಾಳಲಾರದೆ ಐನೂರಕ್ಕೂ ಹೆಚ್ಚು ಯೆಮನಿಗಳು ಮಲೇಷ್ಯಾದ ಮೂಲಕ, ವೀಸಾ ಬೇಡದ ಜೇಜು ದ್ವೀಪಕ್ಕೆ ಬಂದಿಳಿದಾಗ, ಅವರನ್ನು ಸೇರಿಸಕೂಡದೆಂದು ಏಳು ಲಕ್ಷಕ್ಕೂ ಹೆಚ್ಚು ಕೊರಿಯನ್ನರು ಸಹಿ ಹಾಕಿದರು. ನಾನೂರು ಚಿಲ್ಲರೆ ಮಂದಿಗೆ ತಾತ್ಕಾಲಿಕವಾಗಿ ಇರಲು ಪರವಾನಗಿ ಸಿಕ್ಕಿತು. ನಿರಾಶ್ರಿತರೆಂದು ಒಪ್ಪಿಕೊಂಡದ್ದು ಇಬ್ಬರನ್ನು ಮಾತ್ರ. ಹವಾಯಿಯ ಕಬ್ಬಿನ ಗದ್ದೆಯಿಂದ ಇಲ್ಲಿಗೆ ನೂರ ಹದಿನೈದು ವರ್ಷ. ಬಾಗಿಲು ಕಾಯುವ ಕೆಲಸವನ್ನು ಎಷ್ಟು ಬೇಗ ಕಲಿಯುತ್ತೇವೆ ನಾವೆಲ್ಲ!

ಯೆಮನ್ ಎಂದಾಗ ಕಾಫಿಯ ನೆನಪಾಗದಿದ್ದರೆ ನಾವೆಂಥ ಕನ್ನಡಿಗರು? ಬಾಬಾಬುಡನ್ ಏಳು ಬೀಜ ತಂದದ್ದು ಅಲ್ಲಿಯ ಮೋಖಾ ರೇವಿನಿಂದಂತೆ. ಬೀಜ ಹೊರಗೆ ಹೋಗದಂತೆ ಕಾವಲಿತ್ತು, ಅವರು ಹೇಗೋ ಪಾರು ಮಾಡಿದರು, ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರು ಎಂದು ಕಥೆ. ಈಗ ಅದೇ ಯೆಮನಿಗಳು ಡಿಯರ್‌ಬಾರ್ನಿನಿಂದ ಶುರು ಮಾಡಿ ಅಮೆರಿಕದ ಊರೂರಿನಲ್ಲೂ ಕಾಫಿ ಅಂಗಡಿ ತೆರೆಯುತ್ತಿದ್ದಾರೆ. ಮದ್ಯವಿಲ್ಲ, ನಡುರಾತ್ರಿಯಾದರೂ ದೀಪ ಆರಿಸುವುದಿಲ್ಲ, ಕಾಲೇಜು ಹುಡುಗ ಹುಡುಗಿಯರೆಲ್ಲ ಅಲ್ಲೇ. ಅವರಲ್ಲಿ ಕಿಶರ್ ಎಂದೊಂದು ಪಾನೀಯವಿದೆ. ಕಾಫಿ ಹಣ್ಣಿನ ಒಣಸಿಪ್ಪೆಗೆ ಶುಂಠಿ ಹಾಕಿ ಕುದಿಸಿದ್ದು. ಬೀಜವನ್ನು ಹಡಗಿಗೆ ಹಾಕಿ ಮಾರಿದ ಬೆಳೆಗಾರರು ಉಳಿದ ಸಿಪ್ಪೆಯನ್ನು ತಾವು ಕುಡಿದು ಬೆಳೆದ ರುಚಿ. ನಮ್ಮ ಮಲೆನಾಡಿನಲ್ಲಿ ಆ ಸಿಪ್ಪೆ ಹೋಗುವುದು ಗೊಬ್ಬರದ ಗುಂಡಿಗೆ. ಮೂಡಿಗೆರೆ ಕಡೆಯ ತೋಟದ ಸ್ನೇಹಿತರೊಬ್ಬರಿಗೆ ಫೋನ್ ಮಾಡಿ, ಹೀಗೂ ಒಂದು ಇದೆ, ನಿಮ್ಮ ಆಳುಗಳಿಗಾದರೂ ಮಾಡಿಕೊಟ್ಟು ನೋಡಿ ಎಂದೆ. "ಯಾವ ಆಳು ಸ್ವಾಮಿ? ನಮ್ಮ ಲೈನಿನಲ್ಲಿ ಈಗ ಇರೋರೆಲ್ಲ ಅಸ್ಸಾಮಿನವರು. ಟೀ ಬಿಟ್ಟು ಬೇರೆ ಏನು ಕೊಟ್ಟರೂ ಮುಟ್ಟಲ್ಲ" ಎಂದರು.