ಎಂಟು ಮೂವ್

ಭಾನುವಾರ ಬೆಳಿಗ್ಗೆ ಜಯನಗರದ ಒಂದು ಮಹಡಿ ರೂಮಿನಲ್ಲಿ ನಾವು ಹತ್ತು ಹನ್ನೆರಡು ಜನ ಚೆಸ್ ಆಡೋಕೆ ಸೇರ್ತೀವಿ. ರೇಟಿಂಗ್ ಗೀಟಿಂಗ್ ಏನಿಲ್ಲ. ಸೋತವರು ಕಾಫಿ ಕೊಡಿಸ್ಬೇಕು, ಅಷ್ಟೇ. ಅಲ್ಲೊಬ್ಬರು ರಿಟೈರ್ ಆದ ಕೆಮಿಸ್ಟ್ರಿ ಮೇಷ್ಟ್ರಿದ್ದಾರೆ. ಎರಡು ವರ್ಷದಲ್ಲಿ ಅವರ ಎದುರು ನಾನು ಒಂದು ಗೇಮೂ ಗೆದ್ದಿಲ್ಲ. ಅವರಿಗೆ ಕೊಡಿಸಿದ ಕಾಫಿ ದುಡ್ಡಲ್ಲಿ ಒಂದು ಒಳ್ಳೇ ಬೋರ್ಡೇ ಬರ್ತಿತ್ತು.

ಮೊನ್ನೆ ಮಾತ್ರ ಅವರ ಕುದುರೆ ದಾರಿ ತಪ್ಪಿ ನನಗೊಂದು ಪಾನ್ ಸಿಕ್ತು. ಮಿಕ್ಕಿದ್ದೆಲ್ಲ ಹೊಡೆದಾಡಿಕೊಂಡು ಖಾಲಿಯಾಗಿ, ಕೊನೆಗೆ ನನ್ನ ಹತ್ರ ರಾಜ, ಆನೆ, ಆ ಪಾನ್. ಅವರ ಹತ್ರ ರಾಜ, ಆನೆ. ಗೆದ್ದೆ ಅಂದುಕೊಂಡೆ. ಅವರು ಆನೆಯನ್ನು ತಮ್ಮ ಕಡೆಯಿಂದ ಮೂರನೇ ಸಾಲಲ್ಲಿ ನಿಲ್ಲಿಸಿದರು. ನನ್ನ ರಾಜ ಆ ಸಾಲಿಗೆ ಕಾಲಿಡುವಂತಿಲ್ಲ. ಪಾನ್ ತಳ್ಳಿದೆನೋ, ಆ ಆನೆ ಸೀದಾ ನನ್ನ ಹಿಂದಕ್ಕೆ ಹೋಗಿ ಚೆಕ್ ಮೇಲೆ ಚೆಕ್ ಕೊಡುತ್ತೆ. ರಾಜನಿಗೆ ಅವಿತುಕೊಳ್ಳೋಕೆ ಜಾಗ ಇರಲ್ಲ. ಹದಿನೆಂಟನೇ ಶತಮಾನದ ಫ್ರೆಂಚ್ ಸಂಗೀತಗಾರ ಫಿಲಿಡೋರ್ ಹೆಸರಿನ ಪೊಸಿಷನ್ ಇದು. (ಆ ಪುಣ್ಯಾತ್ಮ ಆಪೆರಾ ಬರ್ಕೊಂಡು ಸುಮ್ಮನಿರಬಾರದಿತ್ತಾ!) ಡ್ರಾ ಅಂತ ಇಬ್ಬರಿಗೂ ಗೊತ್ತು.

ಗಡಿಯಾರಕ್ಕೆ ಗೊತ್ತಿಲ್ವಲ್ಲ. ತಲಾ 15 ನಿಮಿಷ, ಇನ್‌ಕ್ರಿಮೆಂಟ್ ಇಲ್ಲ. ನನಗೆ 2 ನಿಮಿಷ ಉಳಿದಿತ್ತು, ಅವರಿಗೆ 40 ಸೆಕೆಂಡ್. ಮೇಷ್ಟ್ರ ಕೈ ಈಚೆಗೆ ನಡುಗುತ್ತೆ. ಆನೆ ಎತ್ತಿ, ಇಟ್ಟು, ನೆಟ್ಟಗೆ ಮಾಡಿ, ಗಡಿಯಾರ ಒತ್ತೋ ಹೊತ್ತಿಗೆ 3-4 ಸೆಕೆಂಡ್ ಹೋಗಿರುತ್ತೆ. ಸುಳ್ಳು ಯಾಕೆ ಹೇಳ್ಲಿ, ನಾನು ಅದಕ್ಕೇ ಆಡಿದೆ. ಆನೆ ಆಕಡೆ, ಆನೆ ಈಕಡೆ. ಒಂದೇ ಪೊಸಿಷನ್ ಮೂರು ಸಲ ಬಂದರೆ ಅವರು ಡ್ರಾ ಕೇಳಬಹುದು ಅಂತ, ಅದೂ ಆಗದ ಹಾಗೆ ಎಚ್ಚರಿಕೆಯಿಂದ. ಎಂಟು ಮೂವ್. ಬೋರ್ಡ್ ಬಿಟ್ಟು ಅವರ ಕೈಯನ್ನೇ ನೋಡ್ತಾ ಕೂತಿದ್ದೆ.

11 ಸೆಕೆಂಡ್ ಇದ್ದಾಗ ಅವರು ಎಡಗೈಯಿಂದ ಬಲಗೈ ಮಣಿಕಟ್ಟು ಹಿಡ್ಕೊಂಡು ಆನೆ ಸರಿಸಿದರು. ಸರಿಯಾದ ಮನೆಗೇ. ನಾನು ನನ್ನ ಮೂವ್ ಮಾಡಿದೆ, ಗಡಿಯಾರ ಒತ್ತಲಿಲ್ಲ. "ಡ್ರಾ ಮಾಡೋಣ್ವಾ ಸರ್?" ಅಂದೆ.

ಅವರು ತಲೆಯಾಡಿಸಿ ಕೈ ಕುಲುಕಿದರು. ಮೆಟ್ಟಿಲಿಳೀತಾ ಕೇಳಿದರು: "ಯಾಕೋ ಡ್ರಾ ಕೊಟ್ಟೆ?"

"ಪೊಸಿಷನ್ ಡ್ರಾ ಇತ್ತಲ್ಲ ಸರ್."

"ಎಂಟು ಮೂವ್ ಹಿಂದೇನೂ ಡ್ರಾನೇ ಇತ್ತಲ್ಲೋ."

ಅವತ್ತೂ ಕಾಫಿ ದುಡ್ಡು ನಾನೇ ಕೊಟ್ಟೆ.