ಬಟ್ಟೆ ಚಾವಣಿಯ ಕಾರು, ಎರಡು ತೂತು

ಚಾವಣಿ ಮಡಚಿಡುವ ಕಾರು ಎಂದರೆ ನಮಗೆ ನೆನಪಾಗುವುದು ಬಿಸಿಲು, ಹಾರುವ ಕೂದಲು, ಸಿನಿಮಾ ಹಾಡು. ಇಂಗ್ಲೆಂಡಿನ ಶೆಫೀಲ್ಡಿನಂಥ ಊರಿನಲ್ಲಿ ಅದನ್ನು ಇಟ್ಟುಕೊಂಡವರಿಗೆ ಮಾತ್ರ ಅದು ಹೆಚ್ಚಾಗಿ ನೀರಿನ ವಿಚಾರ.

ಪಿಎಚ್.ಡಿ. ಮಾಡುತ್ತ ನಾನು ಬಾಡಿಗೆಗಿರುವ ಮನೆಯ ಒಡತಿಗೆ ಎಪ್ಪತ್ತು ದಾಟಿದೆ. ಅವರ ಗಂಡ ತೊಂಬತ್ತರ ದಶಕದಲ್ಲಿ ಕೊಂಡ ಕೆಂಪು ಮಾಜ್ದಾ ಎಂಎಕ್ಸ್-5 ಮನೆಯ ಮುಂದೆ ಸಿಕಮೋರ್ ಮರದ ಕೆಳಗೆ ನಿಂತಿರುತ್ತದೆ. ಗಂಡ ತೀರಿಕೊಂಡು ನಾಲ್ಕು ವರ್ಷ. ಅವರ ಅಂಗಿ, ಪುಸ್ತಕ, ಮೀನು ಹಿಡಿಯುವ ಕೋಲು ಎಲ್ಲವನ್ನೂ ದಾನ ಕೊಟ್ಟ ಈಕೆ ಕಾರನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಭಾನುವಾರ ಒಬ್ಬರೇ ಪೀಕ್ ಡಿಸ್ಟ್ರಿಕ್ಟಿನ ಗುಡ್ಡಗಳ ಕಡೆ ಹೋಗಿ ಬರುತ್ತಾರೆ.

ಕಳೆದ ನವೆಂಬರಿನಲ್ಲಿ ಸೀಟಿನ ಹಿಂದಿನ ಕಾರ್ಪೆಟ್ಟು ಒದ್ದೆಯಾಯಿತು. ಬೆಳಿಗ್ಗೆ ನೋಡಿದರೆ ಗಾಜಿನ ಒಳಮೈಯಲ್ಲಿ ಮಂಜು, ಬಾಗಿಲು ತೆಗೆದರೆ ಹಸಿ ಗೋಣಿಚೀಲದ ವಾಸನೆ. ಒಂದು ಗ್ಯಾರೇಜಿನವರು ಮೇಲುಹೊದಿಕೆ ಹೋಗಿದೆ, ಪೂರ್ತಿ ಬದಲಿಸಬೇಕು ಅಂದರು. ಹೇಳಿದ ಮೊತ್ತ ಹೆಚ್ಚುಕಮ್ಮಿ ಕಾರಿನ ಬೆಲೆಯಷ್ಟೇ ಇತ್ತು. 'ಮಾರಿಬಿಡ್ತೇನೆ' ಎಂದು ಈಕೆ ಟೀ ಸೋಸುತ್ತಲೇ ಹೇಳಿದರು.

ನಾನು ಹೊದಿಕೆಯ ಉದ್ದಕ್ಕೂ ಬೆರಳಾಡಿಸಿ ನೋಡಿದೆ. ಎಲ್ಲೂ ಹರಿದಿರಲಿಲ್ಲ.

ಈ ಕಾರು ಮೊದಲು ಕಾಣಿಸಿಕೊಂಡದ್ದು 1989ರ ಶಿಕಾಗೊ ಮೋಟಾರು ಪ್ರದರ್ಶನದಲ್ಲಿ. 2016ರ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಬ್ರಿಟನ್ನಿನವರು ತಮ್ಮ ಪುಟ್ಟ ಎರಡು ಸೀಟಿನ ಕಾರುಗಳನ್ನು ಹೆಚ್ಚುಕಡಿಮೆ ಮರೆತ ಮೇಲೆ ಜಪಾನಿನವರು ಅವನ್ನು ನೆನಪಿಟ್ಟುಕೊಂಡು ಮತ್ತೆ ಮಾಡಿದರು ಅನ್ನಬಹುದು. ಇದನ್ನು ಮಾಡಿದವರು ಬಟ್ಟೆಯ ಚಾವಣಿಯೊಂದನ್ನೇ ನಂಬಿ ಕೂರಲಿಲ್ಲ. ಸ್ವಲ್ಪ ನೀರು ಒಳಗೆ ಬಂದೇ ಬರುತ್ತದೆ ಎಂದು ಮೊದಲೇ ಒಪ್ಪಿಕೊಂಡಿದ್ದರು. ಹೊದಿಕೆಯ ಹಿಂದಿನ ಅಂಚಿನ ಕೆಳಗೆ ಪ್ಲಾಸ್ಟಿಕ್ಕಿನ ಒಂದು ದೋಣಿ ಇದೆ, ನಮ್ಮ ಹೆಂಚಿನ ಮನೆಗಳ ಸೂರಿಗೆ ಕಟ್ಟುವ ಅಡಿಕೆ ದಬ್ಬೆಯ ಹಾಗೆ. ಅಲ್ಲಿ ಸೇರಿದ ನೀರು ಎರಡೂ ಪಕ್ಕಕ್ಕೆ ಹರಿದು, ಸೀಟುಬೆಲ್ಟಿನ ಹಿಂದಿನ ಮೂಲೆಯಲ್ಲಿರುವ ಒಂದೊಂದು ತೂತಿಗೆ ಇಳಿಯುತ್ತದೆ. ತೂತಿನಿಂದ ಕೊಳವೆ. ಅದು ಕಾರಿನ ಮೈಯೊಳಗೇ ಸಾಗಿ ಹಿಂದಿನ ಚಕ್ರದ ತುಸು ಮುಂದೆ, ನೆಲದ ಕಡೆ ಬಾಯಿ ತೆರೆಯುತ್ತದೆ. ಆ ದಾರಿ ಕಟ್ಟಿತೋ, ನೀರು ತುಂಬಿ ಕಾರ್ಪೆಟ್ಟಿಗೆ ಉಕ್ಕುತ್ತದೆ. ಇಲ್ಲಿ ತಪ್ಪು ಕಾರಿನದಲ್ಲ, ಹೊದಿಕೆಯದೂ ಅಲ್ಲ. ಸಿಕಮೋರ್ ಮರದ್ದು. ಅದರ ಎರಡು ರೆಕ್ಕೆಯ ಬೀಜ ತಿರುಗುತ್ತ ಬೀಳುವುದನ್ನು ನೋಡುವುದು ಚೆಂದ. ಕೊಳೆತ ಎಲೆಯ ಜೊತೆ ಸೇರಿ ಅದೇ ಬೀಜ ಬಿರಡೆಯಾಗುತ್ತದೆ.

ಹೊದಿಕೆಯನ್ನು ಅರ್ಧ ಮಡಚಿ ಟಾರ್ಚು ಬಿಟ್ಟರೆ ತೂತೇ ಕಾಣಲಿಲ್ಲ. ಅಲ್ಲಿದ್ದದ್ದು ಕಪ್ಪು ಗೊಬ್ಬರ, ಅದರಲ್ಲಿ ಎರಡೆಲೆಯ ಒಂದು ಸಸಿ. ಅಷ್ಟನ್ನು ಚಮಚದಲ್ಲಿ ತೆಗೆದೆ. ಆ ರಾತ್ರಿ ಊರಿಗೆ ಫೋನು ಮಾಡಿದಾಗ ಅಪ್ಪನಿಗೆ ಹೇಳಿದೆ. ಪ್ರತಿ ಮಳೆಗಾಲಕ್ಕೂ ಮೊದಲು ಅಡಿಕೆ ತೋಟದ ಬಸಿಗಾಲುವೆ ಬಿಡಿಸುವುದರಲ್ಲೇ ಅವರ ಅರ್ಧ ಆಯಸ್ಸು ಹೋಗಿದೆ. ಕಾರಿನ ಬಗ್ಗೆ ಅವರಿಗೆ ಕುತೂಹಲವೇ ಇಲ್ಲ. 'ಮೇಲಿಂದ ತಳ್ಳಬೇಡ ಮಾರಾಯ, ಇನ್ನೂ ಗಟ್ಟಿ ಕೂರ್ತದೆ. ಮೊದ್ಲು ಕೆಳಗಿನ ಬಾಯಿ ಬಿಡಿಸು' ಅಂದರು. ತೋಟದಲ್ಲೂ ಕೆಲಸ ಶುರುವಾಗುವುದು ತಗ್ಗಿನ ಕಡೆಯಿಂದಲೇ.

ಮರುದಿನ ರಸ್ತೆಯ ಮೇಲೆ ರಟ್ಟು ಹಾಸಿ ಮಲಗಿದೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನು ದಾರ ಈ ಕೆಲಸಕ್ಕೆ ಚೆನ್ನಾಗಿದೆ; ಬಾಗುತ್ತದೆ, ಕೊಳವೆಯನ್ನು ಚುಚ್ಚುವುದಿಲ್ಲ. ಗಟ್ಟಿ ತಂತಿ ಬೇಡ. ಜೋರಾಗಿ ಗಾಳಿ ಊದುವುದೂ ಬೇಡ, ಕೊಳವೆ ಒಳಗೆ ಎಲ್ಲೋ ಕಳಚಿಕೊಂಡರೆ ಮತ್ತೆ ಕೈಗೆ ಸಿಗುವುದಿಲ್ಲ. ಬಲಗಡೆಯದು ಹತ್ತು ನಿಮಿಷದಲ್ಲಿ ಬಿಟ್ಟಿತು. ಎಡಗಡೆಯದು ಮಧ್ಯಾಹ್ನದವರೆಗೆ ಕಾಡಿತು. ರಸ್ತೆ ಆ ಕಡೆಗೇ ವಾಲಿದೆಯಲ್ಲ, ಎಷ್ಟೋ ವರ್ಷದ ಕೆಸರು ಅತ್ತಲೇ ಸೇರಿತ್ತು. ದಾರವನ್ನು ಒಂದಿಂಚು ನೂಕುವುದು, ತಿರುಗಿಸುವುದು, ಎಳೆಯುವುದು. ಕೊನೆಗೆ ಗೊಳಕ್ ಎಂದು ಕಪ್ಪು ನೀರು ತೋಳಿನ ಮೇಲೇ ಇಳಿಯಿತು. ಮನೆಯೊಡತಿ ಕಿಟಕಿಯಿಂದ ಚಪ್ಪಾಳೆ ತಟ್ಟಿದರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಬಾಗಿಲಿನ ಕೆಳಗೆ, ಮುಂದಿನ ಚಕ್ರದ ಕಡೆಯಿಂದ ಹಿಂದಿನ ಚಕ್ರದವರೆಗೆ ಟೊಳ್ಳಾದ ತಗಡಿನ ತೊಲೆಯೊಂದಿದೆ, ಸಿಲ್ ಎನ್ನುತ್ತಾರೆ. ಹೊರಗೆ ಹರಿಯಬೇಕಾದ ನೀರು ಅದರೊಳಗೂ ನಿಂತಿತ್ತು. ಸಿಲ್ಲಿಗೆ ಬಣ್ಣ ಹೊಳೆಯುತ್ತಲೇ ಇರುತ್ತದೆ, ತುಕ್ಕು ಹಿಡಿಯುವುದು ಒಳಗಿನಿಂದ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತ ಬಂದೆ. ಬಲಗಡೆ ಟಣ್ ಅಂದಿತು. ಎಡಗಡೆ ಹಿಂದಿನ ಚಕ್ರದ ಹತ್ತಿರ ಸದ್ದು ಮಂದವಾಯಿತು. ಒತ್ತಿದರೆ ತಗಡು ನೆನೆದ ರಟ್ಟಿನ ಹಾಗೆ ಒಳಗೆ ಹೋಯಿತು.

ಮೂರು ವರ್ಷ ದಾಟಿದ ಕಾರಿಗೆ ಇಲ್ಲಿ ವರ್ಷಕ್ಕೊಮ್ಮೆ ಎಂಒಟಿ ಪರೀಕ್ಷೆ ಆಗಬೇಕು. ಸೀಟುಬೆಲ್ಟು, ಸಸ್ಪೆನ್ಷನ್ ಹಿಡಿದಿರುವ ಜಾಗಗಳ 30 ಸೆಂಟಿಮೀಟರಿನೊಳಗೆ ತುಕ್ಕು ತಗಡಿನ ಬಲ ತಿಂದಿದ್ದರೆ ಕಾರು ಫೇಲು. ಇದು ಅದರೊಳಗೇ ಬರುತ್ತಿತ್ತು. ಅವರಿಗೆ ತೋರಿಸಿದೆ. ಬಗ್ಗಲು ಕಷ್ಟವಾದ್ದರಿಂದ ಫೋನಿನಲ್ಲಿ ಚಿತ್ರ ತೆಗೆದು ತೋರಿಸಬೇಕಾಯಿತು. ಬಹಳ ಹೊತ್ತು ನೋಡಿ, 'ಪ್ರತಿ ಅಕ್ಟೋಬರಿನಲ್ಲಿ ಅವನು ಕಾರಿನ ಹಿಂದೆ ಒಂದು ದಿನ ಏನೋ ಮಾಡ್ತಿದ್ದ, ನನ್ನಿಂದ ತಪ್ಪಿಸಿಕೊಳ್ಳೋಕೆ ಅಂದ್ಕೊಂಡಿದ್ದೆ' ಎಂದರು.

ಎರಡು ದಿನ ಕಾರಿನ ಮಾತೆತ್ತಲಿಲ್ಲ. ಮೂರನೆಯ ದಿನ ವೆಲ್ಡಿಂಗ್ ಮಾಡುವವರ ನಂಬರು ಹುಡುಕಿಕೊಡು ಅಂದರು. ಕೊಳೆತ ತಗಡು ಕತ್ತರಿಸಿ ಹೊಸದನ್ನು ಬೆಸೆದದ್ದಕ್ಕೆ ಆದ ಖರ್ಚು ಹೊಸ ಹೊದಿಕೆಯ ಮೂರನೇ ಒಂದು ಭಾಗ. ಕಾರ್ಪೆಟ್ಟು ಹದಿನೈದು ದಿನ ಬಚ್ಚಲುಮನೆಯಲ್ಲಿ ನೇತಾಡಿತು. ನಾನು ಅದರಡಿ ತಲೆ ತಗ್ಗಿಸಿಕೊಂಡೇ ಸ್ನಾನ ಮಾಡಿದೆ. ಮಾರ್ಚಿನಲ್ಲಿ ಕಾರು ಪಾಸಾಯಿತು. ಬಲಗಡೆಯ ಸಿಲ್ಲಿನ ಮೇಲೆ ಕಣ್ಣಿಡಿ ಎಂದು ಚೀಟಿಯಲ್ಲಿ ಬರೆದಿದ್ದರು.

ಈಗ ತಿಂಗಳ ಮೊದಲ ಭಾನುವಾರ ಅವರು ಹೊರಡುವ ಮುಂಚೆ ಗಿಡಕ್ಕೆ ಹಾಕುವ ಕ್ಯಾನಿನಿಂದ ಒಂದೊಂದೇ ತೂತಿಗೆ ನಿಧಾನವಾಗಿ ನೀರು ಹೊಯ್ಯುತ್ತಾರೆ. ನಾನು ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ಎಡಗಡೆ ಬಂತು, ಬಲಗಡೆ ಬಂತು ಎಂದು ಕೂಗುತ್ತೇನೆ.